ದೀಪ ಹಿಡಿದವರ ಕಾಯಿಲೆ

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ತಾವೆಲ್ಲ ಬಲ್ಲಿರಿ. ನಮ್ಮ ಗಡಿಯೂರುಗಳಲ್ಲಿ ಅದನ್ನೇ ತೆಲುಗಿನಲ್ಲಿ ‘ದೀಪಂ ಕಿಂದ ಚೀಕಟಿ’ ಎನ್ನುವುದೂ ಉಂಟು. ಭಾಷೆ ಎರಡಾದರೂ ಕತ್ತಲೆ ಒಂದೇ. ಇವತ್ತು ನಾನು ಹೇಳಹೊರಟಿರುವುದು ಆಸ್ಪತ್ರೆಯೆಂಬ ದೀಪದ ಬುಡದಲ್ಲಿರುವ ಕತ್ತಲೆಯ ಸಂಗತಿ.

ಮಡಕಶಿರ, ರೊಳ್ಳ, ಅಗಳಿ, ಗುಡಿಬಂಡೆ, ಅಮರಾಪುರದ ಕಡೆಯಿಂದ, ಅತ್ತ ರಾಯದುರ್ಗದ ಕಡೆಯಿಂದ ಎಷ್ಟೋ ಹೆಣ್ಣುಮಕ್ಕಳು, ಗಂಡುಮಕ್ಕಳು ಆಸ್ಪತ್ರೆಗಳ ಕೆಲಸಕ್ಕೆ ಹೋಗಿದ್ದಾರೆ. ಕೆಲವರು ಹಿಂದೂಪುರಕ್ಕೆ, ಅನಂತಪುರಕ್ಕೆ. ಕೆಲವರು ತುಮಕೂರಿಗೆ, ಬಳ್ಳಾರಿಗೆ, ಬೆಂಗಳೂರಿಗೆ. ಒಬ್ಬಳು ನರ್ಸು, ಒಬ್ಬ ಲ್ಯಾಬಿನವನು, ಒಬ್ಬಾಕೆ ಆಯಾ, ಇನ್ನೊಬ್ಬಾಕೆ ವಾರ್ಡು ಗುಡಿಸಿ ಒರೆಸುವವಳು. ಊರಲ್ಲೇ ಉಳಿದವರಲ್ಲಿ ಎ.ಎನ್.ಎಂ. ಇದ್ದಾರೆ, ಆಶಾ ಕಾರ್ಯಕರ್ತೆ ಇದ್ದಾರೆ. ಊರಿನವರ ಹೊಟ್ಟೆನೋವು, ಭೇದಿ, ಜ್ವರ ಎಲ್ಲಕ್ಕೂ ನಾವು ಮೊದಲು ಹೋಗುವುದು ಇವರ ಮನೆ ಬಾಗಿಲಿಗೆ. ಆದರೆ ಇವರ ಹೊಟ್ಟೆಯಲ್ಲಿ ಏನಾಗುತ್ತಿದೆ ಎಂದು ಕೇಳುವವರು ಯಾರು? ಹೊಟ್ಟೆಪಾಡಿಗೆಂದು ಹಿಡಿದ ಕೆಲಸವೇ ಹೊಟ್ಟೆಗೆ ಕೇಡು ತರಬಲ್ಲುದೆ? ಈ ಪ್ರಶ್ನೆಗೆ ಒಂದು ಇತಿಹಾಸವಿದೆ. ಸ್ವಲ್ಪ ಹಿಂದಿನಿಂದಲೇ ಅದನ್ನು ನೋಡೋಣ.

ಕೆಲಸಕ್ಕೂ ಕಾಯಿಲೆಗೂ ಇರುವ ನಂಟನ್ನು ಮೊದಲು ದೊಡ್ಡ ಪುಸ್ತಕವಾಗಿ ಬರೆದವನು ಇಟಲಿಯ ವೈದ್ಯ ಬರ್ನಾರ್ಡಿನೊ ರಮಝೀನಿ. ವರ್ಷ 1700. ಒಂದು ದಿನ ಅವನ ಮನೆಯ ಮಲದ ಗುಂಡಿಯನ್ನು ತೆಗೆಯಲು ಬಂದ ಆಳು ಅವಸರ ಅವಸರವಾಗಿ ಕೆಲಸ ಮಾಡುತ್ತಿದ್ದನಂತೆ. ಯಾಕಪ್ಪಾ ಇಷ್ಟು ಅವಸರ ಎಂದು ಕೇಳಿದರೆ, ಹೆಚ್ಚು ಹೊತ್ತು ಇದರೊಳಗಿದ್ದರೆ ಕಣ್ಣು ಹೋಗುತ್ತದೆ ಎಂದನಂತೆ. ಆ ಮಾತೇ ರಮಝೀನಿಯನ್ನು ಊರೂರಿನ ಕಸುಬುದಾರರ ಕಡೆಗೆ ಎಳೆಯಿತು. ಕುಂಬಾರರು, ನೇಯ್ಗೆಯವರು, ಸೂಲಗಿತ್ತಿಯರು, ಹೀಗೆ ಒಂದೊಂದು ಕಸುಬಿನ ಕಾಯಿಲೆಯನ್ನೂ ಅವನು ಬರೆದಿಟ್ಟ. ವೈದ್ಯನು ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಬೇಕು, ಅದು ‘ನೀನು ಮಾಡುವ ಕೆಲಸವೇನು’ ಎಂಬುದು ಎಂದು ಅವನು ಕಲಿಸಿದ. ಮುನ್ನೂರು ವರ್ಷದ ಮೇಲಾಯಿತು. ಇವತ್ತಿಗೂ ಈ ಪ್ರಶ್ನೆ ಕೇಳದೆಯೇ ಮಾತ್ರೆ ಬರೆದುಕೊಡುವುದುಂಟು.

ಇನ್ನು ದೀಪದ ವಿಷಯ. ದೀಪ ಹಿಡಿದ ದಾದಿ ಎಂದೊಡನೆ ನೆನಪಾಗುವವಳು ಫ್ಲಾರೆನ್ಸ್ ನೈಟಿಂಗೇಲ್. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆಂದು ಟರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಹೋದಳು. ಅಲ್ಲಿ ಗುಂಡೇಟಿನಿಂದ ಸತ್ತವರಿಗಿಂತ ಭೇದಿ, ಕಾಲರಾ, ಜ್ವರಗಳಿಂದ ಸತ್ತ ಸೈನಿಕರೇ ಹೆಚ್ಚು. ಆಕೆ ಆ ಸಾವುಗಳನ್ನು ಎಣಿಸಿದಳು. ಎಣಿಸಿ, 1858ರಲ್ಲಿ ಹೂವಿನ ದಳಗಳಂತೆ ಕಾಣುವ ಚಿತ್ರದಲ್ಲಿ ತೋರಿಸಿ, ಕೊಳಕು ನೀರು, ಕೆಟ್ಟ ಗಾಳಿಯೇ ಕೊಲ್ಲುತ್ತಿವೆ ಎಂದು ಸರ್ಕಾರದ ಕಣ್ಣು ತೆರೆಸಿದಳು. ನಮ್ಮ ದೇಶಕ್ಕೆ ಎಂದೂ ಬಾರದಿದ್ದರೂ ಇಲ್ಲಿಯ ದಂಡಿನ ನೆಲೆಗಳ ನೀರು ನೈರ್ಮಲ್ಯದ ಬಗ್ಗೆ 1863ರಲ್ಲಿ ಬರೆದಳು.

ಇದೆಲ್ಲ ಶಾಲೆಯ ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಕಡಿಮೆ ಇರುವುದು ಇದು: 1855ರ ಮೇ ತಿಂಗಳಲ್ಲಿ ಆಕೆಯೇ ಜ್ವರ ಬಂದು ಸಾಯುವ ಸ್ಥಿತಿಗೆ ಹೋಗಿದ್ದಳು. ಬದುಕಿ ಬಂದ ಮೇಲೆಯೂ ಪೂರ್ತಿ ಗುಣವಾಗಲಿಲ್ಲ. ವರ್ಷಾನುಗಟ್ಟಲೆ ಹಾಸಿಗೆಯಲ್ಲೇ ಕುಳಿತು ಬರೆದಳು. ಆಕೆಯ ಜೊತೆ ದುಡಿದ ದಾದಿಯರಲ್ಲಿ ಕೆಲವರು ಅಲ್ಲೇ ಕಾಯಿಲೆ ಬಿದ್ದು ಸತ್ತರು. ಸೈನಿಕರ ಸಾವಿನ ಲೆಕ್ಕಕ್ಕೆ ಜಗತ್ತಿನಲ್ಲೆಲ್ಲ ಹೆಸರು ಬಂತು. ದಾದಿಯರ ಕಾಯಿಲೆಯ ಲೆಕ್ಕ ಯಾರ ನೆನಪಿನಲ್ಲಿಯೂ ಉಳಿಯಲಿಲ್ಲ.

ನಮ್ಮ ಸೀಮೆಗೆ ಬರೋಣ. 1898ರಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲು ಹಿಡಿದು ಪ್ಲೇಗು ಬೆಂಗಳೂರಿಗೆ ಬಂತು. ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಕತೆಯನ್ನು ನಿಮ್ಮ ಅಜ್ಜಿಯರಿಂದ ಕೇಳಿರಬಹುದು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದದ್ದು ಆ ಕಾಲದಲ್ಲೇ. ಆಗ ಮೈಸೂರು ಸರ್ಕಾರದ ಚಾಕರಿಯಲ್ಲಿದ್ದ ಒಬ್ಬ ವೈದ್ಯರು ಡಾಕ್ಟರ್ ಪಲ್ಪು. ತಿರುವಾಂಕೂರಿನವರು, ಈಳವ ಜಾತಿಯವರು. ಜಾತಿಯ ಕಾರಣಕ್ಕೆ ಸ್ವಂತ ನಾಡಿನಲ್ಲಿ ಸರ್ಕಾರಿ ಕೆಲಸ ಸಿಕ್ಕದೆ ಮೈಸೂರಿಗೆ ಬಂದವರು. ಪ್ಲೇಗಿನ ಕಾಲದಲ್ಲಿ ಜನ ಊರು ಬಿಟ್ಟು ಓಡುತ್ತಿದ್ದಾಗ ಅವರು ರೋಗಿಗಳ ಶಿಬಿರಗಳಲ್ಲಿ ನಿಂತು ದುಡಿದರು. ಹೊರಗಿನವನೆಂದು ಎಣಿಸಿಕೊಂಡವನೊಬ್ಬ ಇಲ್ಲಿಯ ಜನಕ್ಕಾಗಿ ಪ್ರಾಣ ಪಣಕ್ಕಿಟ್ಟ ಈ ಸಂಗತಿ ಗಡಿಯಲ್ಲಿ ಬಾಳುವ ನಮಗೆ ಬೇಗ ಅರ್ಥವಾಗುತ್ತದೆ.

ಇಂಥ ಅಪಾಯ ಕಣ್ಣಿಗೆ ಕಾಣುವಂಥದ್ದು. ಇವತ್ತು ರೋಗಿಯನ್ನು ಮುಟ್ಟಿದರೆ ನಾಲ್ಕು ದಿನದಲ್ಲಿ ಜ್ವರ. 2018ರ ಮೇ ತಿಂಗಳಲ್ಲಿ ಕೇರಳದಲ್ಲಿ ನಿಪಾ ರೋಗಿಯ ಆರೈಕೆ ಮಾಡಿ ತೀರಿಕೊಂಡ ನರ್ಸು ಲಿನಿ ಪುದುಶ್ಶೇರಿಯ ಹೆಸರನ್ನು ನಾಡೇ ನೆನೆಯಿತು. 2020ರ ಕೊರೊನಾ ಕಾಲದಲ್ಲಿ ನಾವೇ ತಟ್ಟೆ ಬಡಿದೆವು, ದೀಪ ಹಚ್ಚಿದೆವು. ಕಾನೂನಿಗೂ ಈ ಅಪಾಯ ಕಂಡಿದೆ. ಕಾರ್ಮಿಕರ ಪರಿಹಾರಕ್ಕಾಗಿ 1923ರಲ್ಲಿ ಬಂದ ಕಾಯಿದೆಯ ಮೂರನೆಯ ಅನುಸೂಚಿಗೆ ಮುಂದೆ ಮಾಡಿದ ತಿದ್ದುಪಡಿಯಲ್ಲಿ, ಆಸ್ಪತ್ರೆ ಮತ್ತು ಪ್ರಯೋಗಶಾಲೆಯ ಕೆಲಸದಿಂದ ಅಂಟುವ ಸಾಂಕ್ರಾಮಿಕ ರೋಗಗಳನ್ನು ಕಸುಬಿನ ರೋಗಗಳ ಪಟ್ಟಿಗೆ ಸೇರಿಸಲಾಯಿತು. ಕ್ಷಯ ಅಂಟಿದರೆ, ಕಾಮಾಲೆ ಅಂಟಿದರೆ, ಇದು ಕೆಲಸದಿಂದ ಬಂತು ಎಂದು ವಾದಿಸಲು ಒಂದು ಸಾಲು ಇದೆ.

ಆದರೆ ಅಂಟದೆ, ನಾಲ್ಕು ದಿನದಲ್ಲಿ ಕೊಲ್ಲದೆ, ಇಪ್ಪತ್ತು ವರ್ಷ ಒಳಗೊಳಗೇ ಸುಡುವ ಕಾಯಿಲೆ ಬಂದರೆ? ಅದಕ್ಕೆ ಸಾಲೂ ಇಲ್ಲ, ದೀಪವೂ ಇಲ್ಲ. ಅಂಥ ಒಂದು ಕಾಯಿಲೆಯೇ ಕರುಳಿನ ಉರಿಯೂತ ರೋಗ.

ಏನಿದು? ನಮ್ಮ ಮೈಯಲ್ಲಿ ರೋಗಾಣುಗಳ ವಿರುದ್ಧ ಹೋರಾಡುವ ಕಾವಲು ಶಕ್ತಿಯೊಂದಿದೆ. ಆ ಕಾವಲುಗಾರ ದಾರಿ ತಪ್ಪಿ ಸ್ವಂತ ಕರುಳಿನ ಮೇಲೆಯೇ ತಿರುಗಿ ಬಿದ್ದರೆ ಕರುಳು ಕೆಂಪಾಗಿ, ಬಾತು, ಹುಣ್ಣಾಗುತ್ತದೆ. ಒಮ್ಮೆ ತಣಿಯುತ್ತದೆ, ಮತ್ತೆ ಕೆರಳುತ್ತದೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡ ಕರುಳಿನ ಒಳಪದರದಲ್ಲಿ ಮಾತ್ರ ಹುಣ್ಣಾಗುವುದು ಅಲ್ಸರೇಟಿವ್ ಕೊಲೈಟಿಸ್. ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ, ಕರುಳಿನ ಗೋಡೆಯ ಆಳಕ್ಕೂ ಇಳಿಯುವುದು ಕ್ರೋನ್ಸ್ ಕಾಯಿಲೆ. ಹುಟ್ಟಿನಿಂದ ಬಂದ ಒಲವು, ಕರುಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು, ಸುತ್ತಲಿನ ಬದುಕು, ಇವೆಲ್ಲ ಸೇರಿ ಈ ಕಾಯಿಲೆ ಹುಟ್ಟುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಈ ಮಾತನ್ನು ಗಟ್ಟಿಯಾಗಿ ನೆನಪಿಡಿ.

ಈ ಕಾಯಿಲೆ ಇತಿಹಾಸಕ್ಕೆ ಕಾಲಿಟ್ಟದ್ದು ಒಂದು ಕೊಲೆ ಮೊಕದ್ದಮೆಯ ಮೂಲಕ ಎಂದರೆ ನಿಮಗೆ ಆಶ್ಚರ್ಯವಾದೀತು. 1859ರಲ್ಲಿ ಇಂಗ್ಲೆಂಡಿನಲ್ಲಿ ಇಸಬೆಲ್ಲಾ ಬ್ಯಾಂಕ್ಸ್ ಎಂಬ ಹೆಂಗಸು ವಾಂತಿ, ಭೇದಿಯಿಂದ ನರಳಿ ಸತ್ತಳು. ಅವಳೊಡನೆ ಸಂಸಾರ ಹೂಡಿದ್ದ ಥಾಮಸ್ ಸ್ಮೆಥರ್ಸ್ಟ್ ಸ್ವತಃ ವೈದ್ಯ. ಮೊದಲ ಹೆಂಡತಿ ಇರುವಾಗಲೇ ಈಕೆಯನ್ನು ಮದುವೆಯಾಗಿದ್ದ. ಆಸ್ತಿಗಾಗಿ ವಿಷವಿಕ್ಕಿದ ಎಂದು ಅವನ ಮೇಲೆ ಆರೋಪ ಬಂತು. ಆಲ್ಫ್ರೆಡ್ ಟೇಲರ್ ಎಂಬ ಹೆಸರಾಂತ ವಿಷತಜ್ಞ ಪಾಷಾಣ ಸಿಕ್ಕಿದೆ ಎಂದ. ಆಮೇಲೆ ನೋಡಿದರೆ ಆ ಪಾಷಾಣ ಇದ್ದದ್ದು ಪರೀಕ್ಷೆಗೆ ಬಳಸಿದ ತಾಮ್ರದಲ್ಲೇ! ಸತ್ತವಳ ಕರುಳನ್ನು ನೋಡಿದ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ವಿಲ್ಕ್ಸ್, ಇಲ್ಲಿರುವುದು ಕರುಳಿನ ಹುಣ್ಣು, ಉರಿಯೂತ ಎಂದು ವಿವರವಾಗಿ ಬರೆದ. ಅಷ್ಟಾದರೂ ನ್ಯಾಯಾಲಯ ಸ್ಮೆಥರ್ಸ್ಟನಿಗೆ ಗಲ್ಲು ವಿಧಿಸಿತು. ದೊಡ್ಡ ಗದ್ದಲವೆದ್ದು ಕೊನೆಗೆ ಕೊಲೆಯ ಶಿಕ್ಷೆಗೆ ಕ್ಷಮೆ ಸಿಕ್ಕಿತು. ಎರಡನೆಯ ಮದುವೆಯ ತಪ್ಪಿಗೆ ಒಂದು ವರ್ಷ ಜೈಲು ಮಾತ್ರ ತಪ್ಪಲಿಲ್ಲ.

ಅವನು ಸಾಧು ಮನುಷ್ಯನೇನಲ್ಲ. ಆದರೆ ಒಂದು ಕಾಯಿಲೆಗೆ ಹೆಸರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಹೆಸರಿಲ್ಲದ ಕಡೆ ಜನ ಬೇರೆ ಯಾವುದೋ ಹೆಸರನ್ನು ತಂದು ಅಂಟಿಸುತ್ತಾರೆ. ಅಲ್ಲಿ ವಿಷ ಎಂದರು. ನಮ್ಮೂರುಗಳಲ್ಲಿ ಮದ್ದು ಹಾಕಿದ್ದಾರೆ ಎನ್ನುವುದಿಲ್ಲವೇ, ಹಾಗೆ.

ಮುಂದೆ 1913ರಲ್ಲಿ ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಡಾಲ್ಝಿಯೆಲ್ ಕರುಳು ದಪ್ಪವಾಗಿ ಬಿಗಿಯುವ ಈ ಬಗೆಯ ರೋಗಿಗಳ ವಿಷಯ ಬರೆದ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಎಂಬ ಮೂವರು 14 ರೋಗಿಗಳ ವಿವರ ಪ್ರಕಟಿಸಿದರು. ಅಕಾರಾದಿಯಲ್ಲಿ ಮೊದಲು ಬಂದ ಹೆಸರು ಕ್ರೋನ್. ಅದೇ ಕಾಯಿಲೆಯ ಹೆಸರಾಯಿತು. ಸ್ವೀಡನ್ನಿನ ನಾನ್ನಾ ಸ್ವಾರ್ಟ್ಸ್ ಎಂಬ ವೈದ್ಯೆ ಕೀಲುನೋವಿಗೆಂದು ಮಾಡಿಸಿದ ಸಲ್ಫಾಸಲಜೀನ್ ಎಂಬ ಮದ್ದು ಕರುಳಿನ ಹುಣ್ಣಿಗೂ ನಾಟುವುದೆಂದು 1942ರಲ್ಲಿ ತಿಳಿಸಿದಳು. 1955ರಲ್ಲಿ ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್, ತೀವ್ರವಾದ ಕೊಲೈಟಿಸಿಗೆ ಕಾರ್ಟಿಸೋನ್ ಕೊಟ್ಟರೆ ಪ್ರಾಣ ಉಳಿಯುತ್ತದೆಂದು ತೋರಿಸಿದರು.

ನಮ್ಮ ದೇಶದಲ್ಲಿ ಬಹಳ ಕಾಲ ಇದು ಬಿಳಿಯರ ಕಾಯಿಲೆ, ನಮಗೆ ಬಾರದು ಎಂಬ ನಂಬಿಕೆಯಿತ್ತು. ಯಾಕೆಂದರೆ ಇಲ್ಲಿ ರಕ್ತ ಬಿದ್ದರೆ ಆಮಶಂಕೆ, ಕರುಳು ಬಿಗಿದರೆ ಕ್ಷಯ. ಇವೆರಡೂ ನಮ್ಮಲ್ಲಿ ನಿಜವಾಗಿಯೂ ಹೆಚ್ಚು. ಹಾಗಾಗಿ ಮೂರನೆಯದು ಇವುಗಳ ನೆರಳಿನಲ್ಲಿ ಅಡಗಿ ಕುಳಿತಿತು. ಪಂಜಾಬಿನ ಲೂಧಿಯಾನದ ವೈದ್ಯರು 51,910 ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿ 2003ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 23 ಜನರಿಗೆ ಅಲ್ಸರೇಟಿವ್ ಕೊಲೈಟಿಸ್ ಇತ್ತು. ಅಂದರೆ ಲಕ್ಷಕ್ಕೆ ಸುಮಾರು 44. ಹುಡುಕಿಕೊಂಡು ಹೋದಾಗ ಸಿಕ್ಕಿತು.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಕೆಲಸಕ್ಕೂ ಈ ಕಾಯಿಲೆಗೂ ನಂಟಿದೆಯೇ?

1990ರಲ್ಲಿ ಸೊನ್ನೆನ್‌ಬರ್ಗ್ ಎಂಬ ವೈದ್ಯ ಜರ್ಮನಿಯ ಕಾರ್ಮಿಕರ ವಿಮಾ ದಾಖಲೆಗಳನ್ನು ಕಸುಬಿನ ಪ್ರಕಾರ ವಿಂಗಡಿಸಿ ನೋಡಿದ. ಗಾರೆ ಕೆಲಸದವರು, ರಸ್ತೆ ಕೆಲಸದವರು, ಅಂದರೆ ಬಯಲಿನಲ್ಲಿ ಮೈಮುರಿದು ದುಡಿಯುವವರಲ್ಲಿ ಕರುಳಿನ ಉರಿಯೂತ ಕಡಿಮೆ. ತಂಪು ಯಂತ್ರದ ಕೋಣೆಗಳಲ್ಲಿ, ಹೊತ್ತುಗೊತ್ತಿಲ್ಲದ ಪಾಳಿಗಳಲ್ಲಿ ದುಡಿಯುವವರಲ್ಲಿ ಹೆಚ್ಚು ಎಂದು ಕಂಡಿತು. ಹೊತ್ತುಗೊತ್ತಿಲ್ಲದ ಪಾಳಿ ಎಂದೊಡನೆ ಆಸ್ಪತ್ರೆ ಕಣ್ಣ ಮುಂದೆ ಬರುತ್ತದೆ. ನಮ್ಮ ಕರುಳಿಗೂ ಒಂದು ಗಡಿಯಾರವಿದೆ. ಹಗಲು ಉಣ್ಣಲು, ಇರುಳು ವಿಶ್ರಮಿಸಲು ಅದು ಹೊಂದಿಕೊಂಡಿದೆ. ಮೈಯೊಳಗಿನ ಈ ಗಡಿಯಾರ ನಡೆಯುವ ರೀತಿಯನ್ನು ಕಂಡುಹಿಡಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂತು.

ಇನ್ನೊಂದು ಊಹೆ ಸೋಂಕಿನದು. ಆಸ್ಪತ್ರೆಯಲ್ಲಿ ದುಡಿಯುವವರಿಗೆ ಹೊಟ್ಟೆಯ ಸೋಂಕು ತಗಲುವ ಅವಕಾಶ ಹೆಚ್ಚು. ಸಾಲ್ಮೊನೆಲ್ಲಾದಂಥ ರೋಗಾಣುವಿನಿಂದ ಭೇದಿಯಾದವರಲ್ಲಿ ಮುಂದೆ ಕರುಳಿನ ಉರಿಯೂತ ಹೆಚ್ಚು ಕಂಡಿತೆಂದು 2009ರಲ್ಲಿ ಡೆನ್ಮಾರ್ಕಿನ ವೈದ್ಯರು ಬರೆದರು. ಎರಡೇ ವರ್ಷಕ್ಕೆ ಅದೇ ದೇಶದ ಬೇರೆ ವೈದ್ಯರು ತಕರಾರು ತೆಗೆದರು. ಭೇದಿಯೆಂದು ಬಂದವರಿಗೆ ಹೆಚ್ಚು ಪರೀಕ್ಷೆ ಮಾಡುತ್ತೀರಿ, ಹಾಗಾಗಿ ಮೊದಲೇ ಇದ್ದ ಕಾಯಿಲೆ ಆಗ ಕಣ್ಣಿಗೆ ಬೀಳುತ್ತದೆ, ಅಷ್ಟೇ ಎಂದರು. ಈ ತಕರಾರು ನರ್ಸುಗಳ ವಿಷಯಕ್ಕೂ ಸಲ್ಲುತ್ತದೆ. ಆಸ್ಪತ್ರೆಯೊಳಗೇ ಇರುವವರ ಕಾಯಿಲೆ ಬೇಗ ಪತ್ತೆಯಾಗಬಹುದು, ಆಗ ಅವರಲ್ಲಿ ಕಾಯಿಲೆ ಹೆಚ್ಚೆಂದು ತೋರುತ್ತದೆ. ಇದಕ್ಕೆ ತಿರುಗುಮುರುಗಾದುದೂ ಉಂಟು. ಕಾಯಿಲೆ ತಡೆಯಲಾರದೆ ಕೆಲಸ ಬಿಟ್ಟು ಮನೆ ಸೇರಿದವರ ಹೆಸರು ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ಉಳಿದವರನ್ನು ಮಾತ್ರ ಎಣಿಸಿದರೆ ಎಲ್ಲರೂ ಗಟ್ಟಿಮುಟ್ಟು ಎನಿಸುತ್ತದೆ.

ಹಾಗಾದರೆ ಸರಿಯಾಗಿ ಎಣಿಸುವುದು ಹೇಗೆ? ಅದನ್ನು ಮಾಡಿ ತೋರಿಸಿದವರು ನರ್ಸುಗಳೇ. 1976ರಲ್ಲಿ ಅಮೆರಿಕದಲ್ಲಿ ಫ್ರಾಂಕ್ ಸ್ಪೈಝರ್ ಎಂಬ ವೈದ್ಯ ಒಂದು ದೊಡ್ಡ ಅಧ್ಯಯನ ಆರಂಭಿಸಿದ. ಗರ್ಭನಿರೋಧಕ ಮಾತ್ರೆಗಳ ಪರಿಣಾಮ ತಿಳಿಯುವುದು ಮೊದಲ ಉದ್ದೇಶ. ಕಾಗದದಲ್ಲಿ ಪ್ರಶ್ನೆ ಕಳಿಸಿದರೆ ವೈದ್ಯಕೀಯ ಉತ್ತರವನ್ನು ಸರಿಯಾಗಿ ಬರೆಯಬಲ್ಲವರು ಯಾರು? ನರ್ಸುಗಳು. ಸುಮಾರು 1,21,700 ನರ್ಸುಗಳು ಸೇರಿದರು. 1989ರಲ್ಲಿ ಇನ್ನೂ 1,16,000ಕ್ಕೂ ಹೆಚ್ಚು ಕಿರಿಯ ನರ್ಸುಗಳ ಎರಡನೆಯ ತಂಡ ಸೇರಿತು. ಎರಡು ವರ್ಷಕ್ಕೊಮ್ಮೆ ಪ್ರಶ್ನೆಗಳು ಬರುತ್ತವೆ. ಏನು ತಿನ್ನುತ್ತೀರಿ, ಎಷ್ಟು ನಿದ್ದೆ, ಯಾವ ಪಾಳಿ, ಯಾವ ಮಾತ್ರೆ, ಈ ನಡುವೆ ಏನು ಕಾಯಿಲೆ ಬಂತು. ಕೆಲಸ ಬಿಟ್ಟವರನ್ನೂ ಅವರು ಕೈಬಿಡುವುದಿಲ್ಲ.

ಈ ಉತ್ತರಗಳಿಂದ ಕರುಳಿನ ಬಗ್ಗೆ ಏನು ತಿಳಿಯಿತು? 2012ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ತಿಂಗಳಿಗೆ 15 ದಿನವೋ ಅದಕ್ಕಿಂತ ಹೆಚ್ಚೋ ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆ ನುಂಗುತ್ತಿದ್ದವರಲ್ಲಿ ಕರುಳಿನ ಉರಿಯೂತದ ಎರಡೂ ಬಗೆಗಳು ಹೆಚ್ಚು ಕಂಡವು. 2014ರ ಲೆಕ್ಕದಲ್ಲಿ, ದಿನಕ್ಕೆ ಏಳೆಂಟು ಗಂಟೆ ನಿದ್ದೆ ಮಾಡುವವರಿಗಿಂತ ಆರು ಗಂಟೆಗೂ ಕಡಿಮೆ ನಿದ್ದೆ ಮಾಡುವವರಲ್ಲಿ ಅಲ್ಸರೇಟಿವ್ ಕೊಲೈಟಿಸ್ ಹೆಚ್ಚು. ಒಂಬತ್ತು ಗಂಟೆ ಮೀರಿ ಮಲಗುವವರಲ್ಲಿಯೂ ಹೆಚ್ಚು. ಆದರೆ ಎಷ್ಟು ವರ್ಷ ರಾತ್ರಿ ಪಾಳಿ ಮಾಡಿದರು ಎಂಬುದಕ್ಕೂ ಈ ಕಾಯಿಲೆಗಳಿಗೂ ನಂಟು ಕಾಣಲಿಲ್ಲ.

ಗಮನಿಸಿ ಕೇಳುಗರೇ. ಜರ್ಮನಿಯ ಲೆಕ್ಕ ಪಾಳಿಯ ಕಡೆ ಬೆರಳು ತೋರಿತು. ಅಮೆರಿಕದ ನರ್ಸುಗಳ ಲೆಕ್ಕ ಪಾಳಿಯನ್ನು ಬಿಟ್ಟು ನಿದ್ದೆಯ ಕಡೆ ತೋರಿತು. ನರ್ಸಿನ ಕೆಲಸ ಮಾಡಿದರೆ ಕರುಳಿನ ಉರಿಯೂತ ಬಂದೇ ಬರುತ್ತದೆ ಎಂದು ಹೇಳುವಂತಿಲ್ಲ. ಹಾಗೆಂದು ಹೆದರಿಸಿ ಯಾವ ತಾಯಿಯೂ ಮಗಳನ್ನು ನರ್ಸಿಂಗ್ ಬಿಡಿಸಬೇಕಾಗಿಲ್ಲ. ಈ ಕೆಲಸದ ಸುತ್ತ ಇರುವ ಕೆಲವು ಅಭ್ಯಾಸಗಳತ್ತ ಬೆರಳು ತೋರಿದೆ, ಅಷ್ಟೆ. ನಿದ್ದೆಗೇಡು ಒಂದು. ನಿಂತು ನಿಂತು ಸೊಂಟ ನೋಯುತ್ತದೆಂದು ದಿನಾ ನುಂಗುವ ಮಾತ್ರೆ ಇನ್ನೊಂದು.

ಇನ್ನೂ ಒಂದು ಮಾತು. ಆ ನರ್ಸುಗಳಲ್ಲಿ ಬಹುಪಾಲು ಬಿಳಿಯ ಹೆಂಗಸರು. ಅವರ ಊಟ ಬೇರೆ, ನೀರು ಬೇರೆ, ಆಸ್ಪತ್ರೆ ಬೇರೆ. ನಮ್ಮ ರೊಳ್ಳದ ಹುಡುಗಿ ರಾಗಿಮುದ್ದೆ ಉಂಡು ಬೆಳೆದು, ಬೆಂಗಳೂರಿನ ಹಾಸ್ಟೆಲಿನಲ್ಲಿ ಹೊತ್ತು ಮೀರಿ ಅನ್ನ ತಿಂದು, ಒಬ್ಬಳೇ ಎಷ್ಟೋ ಹಾಸಿಗೆಗಳನ್ನು ನೋಡಿಕೊಳ್ಳುವಾಗ ಅವಳ ಕರುಳಿಗೆ ಏನಾಗುತ್ತದೆ ಎಂದು ಅಮೆರಿಕದ ಕಾಗದ ಹೇಳಲಾರದು. ಅದಕ್ಕೆ ನಮ್ಮವರನ್ನೇ ಕೇಳಬೇಕು. ಎ.ಎನ್.ಎಂ. ಅವರ ಕೈಯಲ್ಲಿ ಎಷ್ಟೊಂದು ರಿಜಿಸ್ಟರುಗಳಿವೆ ನೋಡಿದ್ದೀರಲ್ಲ. ಬಸುರಿಯರ ಲೆಕ್ಕ, ಲಸಿಕೆಯ ಲೆಕ್ಕ, ಜ್ವರದ ಲೆಕ್ಕ. ಆ ಪುಸ್ತಕಗಳು ಊರಿನವರಿಗಾಗಿ ಇರುವಂಥವು. ಬರೆಯುವ ಕೈಗೆ ಬಂದ ಕಾಯಿಲೆಗೆ ಅವುಗಳಲ್ಲಿ ಜಾಗವಿಲ್ಲ.

ಇಲ್ಲಿ ನಮ್ಮ ಗಡಿಯ ಕಷ್ಟವೂ ಸೇರಿಕೊಳ್ಳುತ್ತದೆ. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಂಧ್ರ ರಾಜ್ಯವಾದಾಗ ಈ ಕಡೆ ಬಂತು. ಮಡಕಶಿರ 2022ರ ಏಪ್ರಿಲಿನಲ್ಲಿ ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ನಮ್ಮ ಹುಡುಗಿ ಕೆಲಸ ಮಾಡುವುದು ಒಂದು ರಾಜ್ಯದಲ್ಲಿ, ಅವಳ ಕಾರ್ಡು ಇರುವುದು ಇನ್ನೊಂದು ರಾಜ್ಯದಲ್ಲಿ. ಎಲ್ಲಿ ಎಣಿಸಬೇಕು ಇವಳನ್ನು?

ಮಾತಿನಲ್ಲಿಯೂ ತೊಡಕಿದೆ. ಕನ್ನಡದಲ್ಲಿ ನಾವು ಆಮಶಂಕೆ, ರಕ್ತಭೇದಿ, ಮೂಲವ್ಯಾಧಿ ಎನ್ನುತ್ತೇವೆ. ತೆಲುಗಿನಲ್ಲಿ ಬಂಕ ವಿರೇಚನಾಲು, ರಕ್ತ ವಿರೇಚನಾಲು, ಮೊಲಲು. ಎರಡು ಭಾಷೆಗಳ ಆರು ಮಾತುಗಳಿವೆ, ಒಂದರಲ್ಲಿಯೂ ಈ ಕಾಯಿಲೆಯ ಹೆಸರಿಲ್ಲ. ಹೆಸರಿಲ್ಲದ್ದಕ್ಕೆ ಸ್ಮೆಥರ್ಸ್ಟನ ಮೊಕದ್ದಮೆಯಲ್ಲಿ ಆದದ್ದೇ ಇಲ್ಲಿಯೂ ಆಗುತ್ತದೆ. ಇರುವ ಹೆಸರುಗಳಲ್ಲಿ ಒಂದನ್ನು ಅಂಟಿಸಿ ಸುಮ್ಮನಾಗುತ್ತೇವೆ.

ಒಬ್ಬ ನರ್ಸಮ್ಮನನ್ನು ನೆನೆಸಿಕೊಳ್ಳಿ. ಯಾವ ಊರಾದರೂ ಆಗಲಿ. ಮಲದಲ್ಲಿ ರಕ್ತ ಕಾಣುತ್ತದೆ. ಮೊದಲು ಉಷ್ಣ ಎಂದುಕೊಳ್ಳುತ್ತಾಳೆ. ಆಮೇಲೆ ಮೂಲವ್ಯಾಧಿ ಎಂದುಕೊಳ್ಳುತ್ತಾಳೆ. ಮಾತ್ರೆಗಳ ಹೆಸರು ಅವಳಿಗೇ ಗೊತ್ತು, ಆಮಶಂಕೆಗೆ ಕೊಡುವ ಮೆಟ್ರೊನಿಡಜೋಲನ್ನು ತಾನೇ ನುಂಗುತ್ತಾಳೆ. ನಾಲ್ಕು ದಿನ ತಣಿದಂತೆ ಆಗಿ ಮತ್ತೆ ಕೆರಳುತ್ತದೆ. ಡ್ಯೂಟಿಯ ನಡುವೆ ಪದೇಪದೇ ಪಾಯಿಖಾನೆಗೆ ಹೋಗಬೇಕು, ಹೋದರೆ ರೋಗಿಯನ್ನು ಬಿಟ್ಟು ಹೋದಳೆಂಬ ಮಾತು. ಅದಕ್ಕೆ ಊಟವನ್ನೇ ಬಿಡುತ್ತಾಳೆ, ನೀರು ಕಡಿಮೆ ಮಾಡುತ್ತಾಳೆ. ಮನೆಯಲ್ಲಿ ಹೇಳಲು ನಾಚಿಕೆ, ಮದುವೆಯಾಗದ ಹುಡುಗಿಯಾದರಂತೂ ಹೆದರಿಕೆ. ಹೀಗೆ ತಿಂಗಳುಗಳು ಉರುಳುತ್ತವೆ, ರಕ್ತ ಕಡಿಮೆಯಾಗುತ್ತದೆ, ಮೈ ಇಳಿಯುತ್ತದೆ. ಬೇರೆಯವರಲ್ಲಿ ಇದೇ ಲಕ್ಷಣ ಕಂಡಿದ್ದರೆ, ನಾಳೆಯೇ ಡಾಕ್ಟರಿಗೆ ತೋರಿಸಮ್ಮ ಎಂದು ಗದರಿಸುತ್ತಿದ್ದವಳು ಇವಳೇ.

ಆದ್ದರಿಂದ ಆಸ್ಪತ್ರೆಯಲ್ಲಿ ದುಡಿಯುವ ನನ್ನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಬೇರೆಯವರಿಗೆ ಹೇಳುವ ಮಾತನ್ನು ನಿಮಗೂ ಹೇಳಿಕೊಳ್ಳಿ. ನಾಲ್ಕು ವಾರ ಮೀರಿ ಭೇದಿ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಅಥವಾ ಸಿಂಬಳದಂಥ ಲೋಳೆ ಕಂಡರೆ, ನಿದ್ದೆಯಿಂದ ಎದ್ದು ಬಹಿರ್ದೆಸೆಗೆ ಓಡಬೇಕಾದರೆ, ಕಾರಣವಿಲ್ಲದೆ ತೂಕ ಇಳಿದರೆ, ಜೊತೆಗೆ ಕೀಲುನೋವು, ಬಾಯಿಹುಣ್ಣು, ಕಣ್ಣು ಕೆಂಪಾಗುವುದು ಇದ್ದರೆ, ಸ್ವಂತ ಮಾತ್ರೆ ನಿಲ್ಲಿಸಿ ಹೊಟ್ಟೆಯ ತಜ್ಞರ ಬಳಿ ಹೋಗಿ. ಮಲ ಪರೀಕ್ಷೆ, ರಕ್ತ ಪರೀಕ್ಷೆ ಆದ ಮೇಲೆ ಅವರು ಕೊಲೊನೋಸ್ಕೋಪಿ ಮಾಡಬಹುದು. ಅಂದರೆ ಕೊಳವೆ ಬಿಟ್ಟು ದೊಡ್ಡ ಕರುಳಿನ ಒಳಗನ್ನು ನೋಡಿ, ಒಂದು ಚೂರು ತೆಗೆದು ಪರೀಕ್ಷಿಸುವುದು. ಕ್ಷಯವೋ ಕ್ರೋನ್ಸೋ ಎಂದು ಬಿಡಿಸಿ ನೋಡುವುದು ಬಹಳ ಮುಖ್ಯ. ಕ್ಷಯವಿರುವ ಕರುಳಿಗೆ ಸ್ಟೀರಾಯ್ಡ್ ಕೊಟ್ಟರೆ ಕ್ಷಯ ಉಲ್ಬಣಿಸುತ್ತದೆ. ಕ್ರೋನ್ಸ್ ಇರುವವರಿಗೆ ಕ್ಷಯದ ಮಾತ್ರೆಯನ್ನೇ ತಿಂಗಳುಗಟ್ಟಲೆ ಕೊಟ್ಟರೆ ಆ ಕಾಲವೆಲ್ಲ ವ್ಯರ್ಥ.

ಈ ಕಾಯಿಲೆ ಬುಡಸಮೇತ ಹೋಗುವುದು ಕಷ್ಟ, ಆದರೆ ಹತೋಟಿಯಲ್ಲಿ ಇಡಲು ಇವತ್ತು ಒಳ್ಳೆಯ ಮದ್ದುಗಳಿವೆ. ಹತೋಟಿಯಲ್ಲಿದ್ದರೆ ಮದುವೆ, ಮಕ್ಕಳು, ನೌಕರಿ ಎಲ್ಲವೂ ಸಾಧ್ಯ. ಹಿತವೆನಿಸಿತೆಂದು ಮದ್ದನ್ನು ತಾವಾಗಿಯೇ ಬಿಡಬಾರದು. ದೊಡ್ಡ ಕರುಳಿನಲ್ಲಿ ಎಂಟು ವರ್ಷ ಮೀರಿ ಕಾಯಿಲೆ ಇದ್ದವರು ಕ್ಯಾನ್ಸರಿನ ಎಚ್ಚರಿಕೆಗಾಗಿ ವೈದ್ಯರು ಹೇಳಿದ ಕಾಲಕ್ಕೆ ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಗಡಿಯ ಈ ಕಡೆ ಆ ಕಡೆ ತೋರಿಸುವವರು ಎಲ್ಲ ಚೀಟಿ, ವರದಿಗಳನ್ನು ಒಂದೇ ಚೀಲದಲ್ಲಿ ಜೋಪಾನವಾಗಿ ಇಡಿ. ಊರು ಬದಲಾದರೂ ವೈದ್ಯರಿಗೆ ಮೊದಲಿನ ಕತೆ ತಿಳಿಯಬೇಕು. ಮಾಡುವ ಕೆಲಸವೇನು, ಪಾಳಿ ಯಾವುದು, ದಿನಾ ನುಂಗುವ ಮಾತ್ರೆ ಯಾವುದು ಎಂಬುದನ್ನು ಅವರು ಕೇಳದಿದ್ದರೂ ನೀವೇ ಹೇಳಿ. ರಮಝೀನಿಯ ಪ್ರಶ್ನೆಗೆ ಉತ್ತರ ಇದ್ದೇ ಇರಲಿ.

ಮನೆಯವರಿಗೆ ಒಂದು ಮಾತು. ರಾತ್ರಿ ಪಾಳಿ ಮುಗಿಸಿ ಬಂದ ಸೊಸೆಯನ್ನು, ಮಗಳನ್ನು ನೇರವಾಗಿ ಒಲೆಯ ಮುಂದೆ ಕೂರಿಸಬೇಡಿ. ಅವಳ ಹಗಲಿನ ನಿದ್ದೆ ಸೋಮಾರಿತನವಲ್ಲ. ಆಸ್ಪತ್ರೆ ನಡೆಸುವವರಿಗೂ ಒಂದು ಮಾತು. ದುಡಿಯುವವರಿಗೆ ಹತ್ತಿರದಲ್ಲೇ ಪಾಯಿಖಾನೆ, ಹೊತ್ತಿಗೆ ಊಟ, ಎರಡು ಪಾಳಿಗಳ ನಡುವೆ ಸಾಕಷ್ಟು ಬಿಡುವು, ವರ್ಷಕ್ಕೊಮ್ಮೆ ತಪಾಸಣೆ, ಇವು ದೊಡ್ಡ ಬೇಡಿಕೆಗಳಲ್ಲ. ತಪಾಸಣೆಯ ವಿವರವನ್ನು ಗುಟ್ಟಾಗಿ, ಆದರೆ ಕ್ರಮವಾಗಿ ಬರೆದಿಟ್ಟರೆ ಹತ್ತು ವರ್ಷದಲ್ಲಿ ನಮ್ಮದೇ ಲೆಕ್ಕವೊಂದು ಸಿಗುತ್ತದೆ. ವಾರ್ಡು ಒರೆಸುವ ಗುತ್ತಿಗೆಯವರನ್ನೂ ಆ ಲೆಕ್ಕದಿಂದ ಬಿಡಬಾರದು. ರಮಝೀನಿಯ ಪುಸ್ತಕ ಶುರುವಾದದ್ದೇ ಅಂಥ ಒಬ್ಬನ ಮಾತಿನಿಂದ.

ನೈಟಿಂಗೇಲ್ ಸೈನಿಕರ ಸಾವನ್ನು ಎಣಿಸಿದ್ದರಿಂದ ದಂಡಿನ ಆಸ್ಪತ್ರೆಗಳು ಸುಧಾರಿಸಿದವು. ಅಮೆರಿಕದ ನರ್ಸುಗಳು ತಮ್ಮ ಕಾಯಿಲೆಗಳನ್ನು ತಾವೇ ಬರೆದು ಕಳಿಸಿದ್ದರಿಂದ ಜಗತ್ತಿನ ಹೆಂಗಸರಿಗೆಲ್ಲ ತಿಳುವಳಿಕೆ ಬಂತು. ನಮ್ಮ ಗಡಿಯೂರಿನ ನರ್ಸಮ್ಮ, ಆಯಮ್ಮ, ಆಶಾ ಅಕ್ಕ ಇನ್ನೂ ಯಾವ ಲೆಕ್ಕಕ್ಕೂ ಸೇರಿಲ್ಲ. ನಾಳೆ ಅವರು ನಿಮ್ಮ ಮನೆ ಬಾಗಿಲಿಗೆ ಬಂದು, ಮನೆಯಲ್ಲಿ ಎಲ್ಲರೂ ಹುಷಾರಾಗಿದ್ದೀರಾ ಎಂದು ಕೇಳುತ್ತಾರೆ. ಉತ್ತರ ಹೇಳಿ, ಒಂದು ಲೋಟ ನೀರು ಕೊಟ್ಟು, ನೀವು ಹೇಗಿದ್ದೀರಮ್ಮ ಎಂದು ತಿರುಗಿ ಕೇಳಿ. ತೆಲುಗಿನಲ್ಲಾದರೂ ಸರಿ, ಕನ್ನಡದಲ್ಲಾದರೂ ಸರಿ.